ದಿನ ಬರೆದಿಟ್ಟುಕೊಳ್ಳೋಣ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸದಸ್ಯರ ಕುಟುಂಬದವರಿಗೆ ಏರ್ಪಡಿಸಿದ್ದ ಆರೋಗ್ಯ ತಿಳುವಳಿಕೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



2000ನೇ ಇಸವಿಯಲ್ಲಿ ಶುರುವಾದ ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಈಗ 25 ವರ್ಷ ತುಂಬಿದೆ. ಈ ಸಂತೋಷದಲ್ಲಿ ನಾಲ್ಕು ಮಾತು ಆಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ, ಹಾಲಿನ ಫ್ಯಾಟಿನ ಬಗ್ಗೆಯೋ ಹಸಿರು ಮೇವಿನ ಬಗ್ಗೆಯೋ ಮಾತಾಡುತ್ತೇವೆ ಎಂದು ನೀವೆಲ್ಲ ಅಂದುಕೊಂಡಿರುತ್ತೀರಿ. ಇವತ್ತು ನಾವು ಆಡಬೇಕೆಂದಿರುವುದು ಬೇರೆ ಮಾತು. ಮನೆಯಲ್ಲಿ ಹೆಣ್ಣುಮಗಳು ಬಸುರಿಯಾಗಿದ್ದಾಳೋ ಇಲ್ಲವೋ ಎಂದು ಬೇಗ ತಿಳಿಯುವುದು ಹೇಗೆ, ತಿಳಿದ ಮೇಲೆ ದಿನ ಎಣಿಸುವುದು ಹೇಗೆ ಎಂಬ ಮಾತು.

ಗಂಡಸರಿಗೆ ಯಾಕಪ್ಪಾ ಈ ಉಸಾಬರಿ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ನಗಲಿ, ತಪ್ಪಿಲ್ಲ. ನಾವೂ ಹಿಂದೆ ಹಾಗೇ ನಗುತ್ತಿದ್ದವರೇ. ನಾವು ಓದಿರುವುದು ಎಸ್.ಎಸ್.ಎಲ್.ಸಿ., ಮಾಡುವುದು ಬೇಸಾಯ. ನಾವೇನೂ ಡಾಕ್ಟರಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮ ಮನೆಯಲ್ಲಿ ನಡೆಯಬಾರದು ಎಂಬ ಒಂದೇ ಆಸೆಯಿಂದ ಇಲ್ಲಿ ನಿಂತಿದ್ದೇವೆ. ಹೇಳುವುದರಲ್ಲಿ ತಪ್ಪಿದ್ದರೆ ಸಿಸ್ಟರ್ ಅವರು ಇಲ್ಲೇ ಇದ್ದಾರೆ, ತಿದ್ದುತ್ತಾರೆ.

ಮೊದಲು ಸಂಘದ ವಿಷಯದಿಂದಲೇ ಶುರು ಮಾಡೋಣ. ನಮ್ಮ ಕಛೇರಿಯ ಬೀರುವಿನಲ್ಲಿ ಕೃತಕ ಗರ್ಭಧಾರಣೆಯ ರಿಜಿಸ್ಟರ್ ಇದೆ. ಅದನ್ನು ನೀವೆಲ್ಲ ನೋಡಿದ್ದೀರಿ. ಮಾಲೀಕರ ಹೆಸರು, ಹಸುವಿನ ಕಿವಿಯ ಓಲೆ ನಂಬರು, ಗರ್ಭಧಾರಣೆ ಮಾಡಿಸಿದ ತಾರೀಕು, ಹೋರಿಯ ನಂಬರು, ಗಬ್ಬ ಪರೀಕ್ಷೆ ಮಾಡಿದ ತಾರೀಕು, ಕರು ಹಾಕಿದ ತಾರೀಕು, ಎಲ್ಲಕ್ಕೂ ಒಂದೊಂದು ಕಾಲಂ. ಹಸು ಬೆದೆಗೆ ಬಂದ ದಿನದಿಂದ 21ನೇ ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ಕಾಯುತ್ತೇವೆ. ಬರದೇ ಇದ್ದರೆ ಎರಡು ಮೂರು ತಿಂಗಳಿಗೆ ಡಾಕ್ಟರನ್ನು ಕರೆಸಿ ಕೈ ಹಾಕಿಸಿ ನೋಡುತ್ತೇವೆ. ಗಬ್ಬ ಎಂದು ಗೊತ್ತಾದ ಕೂಡಲೇ ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ ಎಂದು ಬೆರಳು ಮಡಿಚಿ ಲೆಕ್ಕ ಹಾಕುತ್ತೇವೆ. ದಿನ ಹತ್ತಿರ ಬಂದರೆ ರಾತ್ರಿ ಟಾರ್ಚು ಹಿಡಿದು ಎರಡು ಸಲ ಕೊಟ್ಟಿಗೆಗೆ ಹೋಗಿ ಬರುತ್ತೇವೆ. ಇಷ್ಟನ್ನು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಪ್ರಶ್ನೆ ಕೇಳುತ್ತೇವೆ. ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಸೊಸೆ ಕಡೆಯ ಸಲ ಮುಟ್ಟಾದದ್ದು ಯಾವ ತಾರೀಕು ಎಂದು ನಿಮ್ಮ ಮನೆಯಲ್ಲಿ ಎಲ್ಲಾದರೂ ಬರೆದಿದೆಯೇ?

ತಾಯಂದಿರನ್ನು ದನಕ್ಕೆ ಹೋಲಿಸುತ್ತಿದ್ದಾನೆ ಎಂದು ತಿಳಿಯಬೇಡಿ. ದನಕ್ಕೆ ಮಾಡುವಷ್ಟು ಲೆಕ್ಕವನ್ನಾದರೂ ಮನೆಯ ಹೆಣ್ಣುಮಗಳಿಗೆ ನಾವು ಮಾಡಲಿಲ್ಲವಲ್ಲ ಎಂಬ ನಾಚಿಕೆಯಿಂದ ಹೇಳುತ್ತಿದ್ದೇವೆ.

ನಮ್ಮ ತಮ್ಮನ ಹೆಂಡತಿಯ ವಿಷಯ ಈಗ ಹೇಳುತ್ತೇವೆ. ಆ ಹೆಣ್ಣುಮಗಳನ್ನು ಕೇಳಿಯೇ ಹೇಳುತ್ತಿದ್ದೇವೆ. "ಹೇಳಿ ಭಾವ, ಇನ್ನೊಬ್ಬರಿಗಾದರೂ ಉಪಯೋಗ ಆಗಲಿ" ಎಂದಳು.

2013ನೇ ಇಸವಿ. ಮನೆಗೆ ಬಂದ ಹೊಸ ಸೊಸೆ, ಮೊದಲ ಬಸುರು. ದೀಪಾವಳಿ ಹೊತ್ತಿಗೆ ಅವಳಿಗೆ ವಾಂತಿ, ಸುಸ್ತು. ನಮ್ಮ ಅವ್ವನಿಗೆ ಅರ್ಥವಾಯಿತು. ಆದರೆ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಸುಮ್ಮನಿದ್ದೆವು. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದರೂ "ಏನೂ ಇಲ್ಲ ಕಣಮ್ಮ" ಎಂದು ಕಳಿಸಿದೆವು. ಆಮೇಲೆ ಸುಗ್ಗಿ, ಕಣ, ಒಂದಲ್ಲ ಒಂದು ಕೆಲಸ. ಅವಳನ್ನು ಮೊದಲ ಸಲ ಡಾಕ್ಟರಿಗೆ ತೋರಿಸಿದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ಐದು ತಿಂಗಳು ತುಂಬಿತ್ತು. ಕಡೆಯ ಮುಟ್ಟು ಯಾವಾಗ ಎಂದು ಕೇಳಿದಾಗ ಅವಳು ಅವ್ವನ ಮುಖ ನೋಡಿದಳು, ಅವ್ವ ನಮ್ಮ ಮುಖ ನೋಡಿದರು. ಕೊನೆಗೆ "ಗಣೇಶನ ಹಬ್ಬ ಆದ ಮೂರನೇ ದಿನ" ಎಂದು ಹೇಳಿದ್ದಾಯಿತು. ಸ್ಕ್ಯಾನಿಂಗ್ ಮಾಡಿಸಿ ಎಂದು ಚೀಟಿ ಕೊಟ್ಟರು. ನಾವು ಮಾಡಿಸಿದ್ದು ಏಪ್ರಿಲ್ ತಿಂಗಳಲ್ಲಿ. ಅದರಲ್ಲೂ ಜೂನ್ ಮಧ್ಯಕ್ಕೆ ಹೆರಿಗೆ ಎಂದು ಬಂತು. ಎರಡೂ ಲೆಕ್ಕ ಹೆಚ್ಚುಕಡಿಮೆ ಕೂಡಿತಲ್ಲ ಎಂದು ನೆಮ್ಮದಿಯಾಗಿದ್ದೆವು.

ಅದೇ ಹೊತ್ತಿನಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಒಂದು ಹಸು ಗಬ್ಬವಿತ್ತು. 2013ರ ಆಗಸ್ಟ್ 30ಕ್ಕೆ ಗರ್ಭಧಾರಣೆ ಮಾಡಿಸಿದ್ದು ಎಂದು ಸಂಘದ ರಿಜಿಸ್ಟರಿನಲ್ಲೂ ಇತ್ತು, ನಮ್ಮ ಕ್ಯಾಲೆಂಡರಿನಲ್ಲೂ ಇತ್ತು. 280 ದಿನಕ್ಕೆ 2014ರ ಜೂನ್ 6 ಬರುತ್ತದೆ. ಜೂನ್ 5ರಿಂದಲೇ ನಾವು, ನಮ್ಮ ತಮ್ಮ ಸರದಿಯ ಮೇಲೆ ಕೊಟ್ಟಿಗೆಯಲ್ಲಿ ಮಲಗಿದೆವು. 7ನೇ ತಾರೀಕು ಬೆಳಗಿನ ಜಾವ ಹೆಣ್ಣುಕರು ಹಾಕಿತು. ಗಿಣ್ಣು ಕಾಯಿಸಿ ನೆಂಟರ ಮನೆಗೆಲ್ಲ ಹಂಚಿದೆವು.

ಮನೆಯೊಳಗೆ ಆ ಹೆಣ್ಣುಮಗಳು ಎರಡು ದಿನದಿಂದ "ಯಾಕೋ ಮಗು ಮೊದಲಿನಂಗೆ ಹೊರಳಾಡ್ತಿಲ್ಲ ಅತ್ತೆ" ಎನ್ನುತ್ತಿದ್ದಳು. ಇನ್ನೂ ದಿನ ಇದೆ, ದಿನ ತುಂಬುವಾಗ ಮಗು ಸುಮ್ಮನಾಗುತ್ತದೆ ಎಂದು ನಾವೇ ಸಮಾಧಾನ ಹೇಳಿದೆವು. ಜೂನ್ 11ಕ್ಕೆ ಕರೆದುಕೊಂಡು ಹೋದಾಗ ಮಗುವಿನ ಎದೆಬಡಿತ ನಿಂತುಹೋಗಿತ್ತು. ಹುಟ್ಟಿದ ಮಗುವಿನ ಚರ್ಮ ಒಣಗಿ ಸುಲಿದಿತ್ತು, ಉಗುರು ಬೆರಳು ಮೀರಿ ಬೆಳೆದಿತ್ತು. "ಇದು ದಿನ ಮೀರಿದ ಮಗುವಿನ ಲಕ್ಷಣ, ನಿಮ್ಮ ಲೆಕ್ಕ ಎಲ್ಲೋ ತಪ್ಪಿದೆ" ಎಂದರು ಡಾಕ್ಟರಮ್ಮ.

ಎಲ್ಲಿ ತಪ್ಪಿತು ಎಂದು ಗೊತ್ತಾಗಿದ್ದು ತಿಂಗಳಾದ ಮೇಲೆ. ಆ ಹೆಣ್ಣುಮಗಳು ಕೂತು ನೆನೆಸಿಕೊಂಡಳು. ಸರಿಯಾಗಿ ಮುಟ್ಟಾಗಿದ್ದು ತವರಿನಲ್ಲಿ, ವರಮಹಾಲಕ್ಷ್ಮಿ ಹಬ್ಬ ಆದ ನಾಲ್ಕನೇ ದಿನ, ಅಂದರೆ ಆಗಸ್ಟ್ 20ಕ್ಕೆ. ಗಣೇಶನ ಹಬ್ಬದ ಹೊತ್ತಿನಲ್ಲಿ ಒಂದು ದಿನ ಸ್ವಲ್ಪ ಕಲೆ ಕಂಡಿತ್ತು ಅಷ್ಟೇ. ಬಸುರು ಗರ್ಭಕೋಶದಲ್ಲಿ ಕಚ್ಚಿಕೊಳ್ಳುವ ಹೊತ್ತಿನಲ್ಲಿ ಕೆಲವರಿಗೆ ಹಾಗೆ ತುಸು ರಕ್ತ ಕಾಣಿಸುವುದುಂಟು. ಅದನ್ನೇ ಮುಟ್ಟು ಎಂದು ಲೆಕ್ಕ ಹಿಡಿದೆವು. 23 ದಿನದ ತಪ್ಪು. ನಿಜವಾದ ಲೆಕ್ಕದಲ್ಲಿ ಮೇ 27ಕ್ಕೇ ದಿನ ತುಂಬಿತ್ತು. ಜೂನ್ 11ಕ್ಕೆ 42 ವಾರ ದಾಟಿತ್ತು. ತಡವಾಗಿ ಮಾಡಿಸಿದ ಸ್ಕ್ಯಾನಿಂಗ್ ಮೂರು ವಾರದಷ್ಟು ಆ ಕಡೆ ಈ ಕಡೆ ಆಗಬಹುದು ಎಂಬುದೂ ಆಮೇಲೆ ತಿಳಿಯಿತು. ಹಸುವಿನ ದಿನ ತಪ್ಪಲಿಲ್ಲ, ಯಾಕೆಂದರೆ ಬರೆದಿತ್ತು. ಮನೆಯ ಮಗುವಿನ ದಿನ ತಪ್ಪಿತು, ಯಾಕೆಂದರೆ ಬರೆದಿರಲಿಲ್ಲ. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ತಪ್ಪು ನಮ್ಮದೇ.

ಅಂದಿನಿಂದ ಡಾಕ್ಟರಮ್ಮನವರನ್ನು, ಸಿಸ್ಟರನ್ನು, ಆಶಾ ಕಾರ್ಯಕರ್ತೆಯರನ್ನು ಕೇಳಿ ಕೇಳಿ, ಸಿಕ್ಕ ಪುಸ್ತಕ ಓದಿ ಒಂದಷ್ಟು ತಿಳಿದುಕೊಂಡೆವು. ಅದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು ಪರೀಕ್ಷೆ. ಬಸುರು ನಿಂತಿದೆಯೇ ಎಂದು ತಿಳಿಯುವ ಆಸೆ ಇವತ್ತಿನದಲ್ಲ. ಸಾವಿರಾರು ವರ್ಷದ ಹಿಂದೆ ಈಜಿಪ್ಟ್ ದೇಶದಲ್ಲಿ ಹೆಂಗಸಿನ ಮೂತ್ರವನ್ನು ಗೋಧಿ ಮತ್ತು ಬಾರ್ಲಿ ಕಾಳಿನ ಮೇಲೆ ಹಾಕಿ, ಮೊಳಕೆ ಬಂದರೆ ಬಸುರಿ ಎನ್ನುತ್ತಿದ್ದರಂತೆ. ನಮ್ಮಂಥ ರೈತರೇ ಯಾರೋ ಕಂಡುಹಿಡಿದಿರಬೇಕು! 1920ರ ದಶಕದ ಕೊನೆಯಲ್ಲಿ ಜರ್ಮನಿಯ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ಇಬ್ಬರು ವೈದ್ಯರು ಹೆಂಗಸಿನ ಮೂತ್ರವನ್ನು ಇಲಿಮರಿಗೆ ಚುಚ್ಚಿ, ಆಮೇಲೆ ಅದರ ಅಂಡಾಶಯ ನೋಡಿ ಹೇಳುವ ಕ್ರಮ ತಂದರು. ಅದಾದ ಮೇಲೆ ಆಫ್ರಿಕಾದ ಒಂದು ಜಾತಿಯ ಕಪ್ಪೆಗೆ ಚುಚ್ಚಿ, ಅದು ಮೊಟ್ಟೆ ಇಟ್ಟರೆ ಬಸುರು ಎನ್ನುತ್ತಿದ್ದರು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ಅಂಗಡಿಗೆ ಬಂತು. ಈಗ ಇಲಿಯೂ ಬೇಡ, ಕಪ್ಪೆಯೂ ಬೇಡ. ಎರಡು ಮೂರು ಹನಿ ಮೂತ್ರ, ಐದು ನಿಮಿಷ ಸಾಕು.

ಇದು ಕೆಲಸ ಮಾಡುವ ಬಗೆ ಹೀಗೆ. ಬಸುರು ನಿಂತು ಗರ್ಭಕೋಶಕ್ಕೆ ಕಚ್ಚಿಕೊಂಡ ಮೇಲೆ ಎಚ್.ಸಿ.ಜಿ. ಎಂಬ ಒಂದು ರಸ ಹುಟ್ಟುತ್ತದೆ. ಅದು ಮೊದಲು ರಕ್ತಕ್ಕೆ ಬರುತ್ತದೆ, ಆಮೇಲೆ ಮೂತ್ರಕ್ಕೆ. ಮೊದಲ ವಾರಗಳಲ್ಲಿ ಅದು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಕಿಟ್ಟಿನ ಪಟ್ಟಿ ಹುಡುಕುವುದು ಇದನ್ನೇ. ಆದ್ದರಿಂದ ಮುಟ್ಟಿನ ದಿನ ಬರುವ ಮೊದಲೇ ಆತುರಪಟ್ಟು ನೋಡಿದರೆ ಬಸುರಿದ್ದರೂ ಇಲ್ಲ ಎಂದು ತೋರಿಸಬಹುದು. ಮುಟ್ಟು ತಪ್ಪಿದ ಮೇಲೆ ನೋಡಬೇಕು. ಒಂದು ವಾರ ತಡೆದು ನೋಡಿದರೆ ಇನ್ನೂ ಖಾತ್ರಿ.

ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೂತ್ರ ಗಟ್ಟಿ ಇರುತ್ತದೆ, ಅದರಲ್ಲಿ ನೋಡುವುದು ಒಳ್ಳೆಯದು. ಚೊಂಬುಗಟ್ಟಲೆ ನೀರು ಕುಡಿದು ನೋಡಿದರೆ ಹಾಲಿಗೆ ನೀರು ಬೆರೆಸಿ ಫ್ಯಾಟ್ ನೋಡಿದ ಹಾಗೆ, ಲೆಕ್ಕ ತೆಳ್ಳಗಾಗುತ್ತದೆ. ಕಿಟ್ಟಿನ ಮೇಲೆ ಅವಧಿ ಮುಗಿಯುವ ತಾರೀಕು ಇರುತ್ತದೆ, ಅದನ್ನು ನೋಡಿಕೊಳ್ಳಿ. ಪೊಟ್ಟಣದ ಮೇಲೆ ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟೇ ಹೊತ್ತು ಕಾಯಿರಿ. ಕಿಟ್ಟಿನಲ್ಲಿ 'ಸಿ' ಮತ್ತು 'ಟಿ' ಎಂದು ಎರಡು ಗುರುತು ಇರುತ್ತವೆ. ಎರಡೂ ಕಡೆ ಗೆರೆ ಬಂದರೆ ಬಸುರಿ. ಟಿ ಗೆರೆ ಮಸುಕಾಗಿದ್ದರೂ ಗೆರೆ ಗೆರೆಯೇ. ಸಿ ಒಂದೇ ಬಂದರೆ ಇಲ್ಲ ಅಥವಾ ಇನ್ನೂ ತೋರುತ್ತಿಲ್ಲ ಎಂದು ಅರ್ಥ. ಸಿ ಗೆರೆಯೇ ಬರದಿದ್ದರೆ ಕಿಟ್ಟು ಕೆಟ್ಟಿದೆ, ಬೇರೆಯದರಲ್ಲಿ ನೋಡಬೇಕು. ಬೆಳಿಗ್ಗೆ ಹಾಕಿ ಕೆಲಸಕ್ಕೆ ಹೋಗಿ ಸಂಜೆ ಬಂದು ನೋಡಿ ಗೆರೆ ಬಂದಿದೆ ಎಂದರೆ ಅದನ್ನು ನಂಬುವ ಹಾಗಿಲ್ಲ. ಇಲ್ಲ ಎಂದು ಬಂದು, ವಾರವಾದರೂ ಮುಟ್ಟಾಗದಿದ್ದರೆ ಮತ್ತೊಮ್ಮೆ ನೋಡಿ. ಆಗಲೂ ಇಲ್ಲ ಎಂದರೆ ಡಾಕ್ಟರಿಗೆ ತೋರಿಸಿ. ಕಿಟ್ಟು ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತದೆ, ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ.

ಒಂದು ಮಾತು ನಡುವೆ. ಈ ಕಿಟ್ಟು ಹಸುವಿಗೂ ಆಗುತ್ತದೆಯೇ ಎಂದು ನಮ್ಮ ಸದಸ್ಯರೊಬ್ಬರು ಕೇಳಿದ್ದರು. ಆಗುವುದಿಲ್ಲ. ಹಸುವಿನಲ್ಲಿ ಎಚ್.ಸಿ.ಜಿ. ಹುಟ್ಟುವುದೇ ಇಲ್ಲ. ಸುಮ್ಮನೆ ದುಡ್ಡು ಹಾಳು ಮಾಡಬೇಡಿ.

ಇನ್ನೊಂದು ಬಹು ಮುಖ್ಯ ವಿಷಯ. ಕಿಟ್ಟು ಬಸುರು ಇದೆ ಎಂದು ಹೇಳುತ್ತದೆಯೇ ಹೊರತು ಎಲ್ಲಿದೆ ಎಂದು ಹೇಳುವುದಿಲ್ಲ. ಅಪರೂಪಕ್ಕೆ ಬಸುರು ಗರ್ಭಕೋಶ ಬಿಟ್ಟು ಅದರ ನಾಳದಲ್ಲೇ ನಿಂತುಬಿಡುತ್ತದೆ. ಅದು ಬೆಳೆದು ನಾಳ ಒಡೆದರೆ ತಾಯಿಯ ಪ್ರಾಣಕ್ಕೇ ಅಪಾಯ. ಎರಡು ಗೆರೆ ಬಂದಿದ್ದು, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ರಕ್ತ ಹೋಗುವುದು, ತಲೆ ಸುತ್ತಿ ಬೀಳುವಂತಾಗುವುದು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗೆಯೇ, ಮಗು ಈಗ ಬೇಡ ಎಂದು ಯಾರಿಗೂ ಹೇಳದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೆಂಕಿಯ ಜೊತೆ ಆಟ. ಎಷ್ಟು ವಾರ ಆಗಿದೆ, ಬಸುರು ಎಲ್ಲಿದೆ ಎಂದು ತಿಳಿಯದೆ ಆ ಮಾತ್ರೆ ನುಂಗಬಾರದು. ಗರ್ಭಪಾತಕ್ಕೆ ಈ ದೇಶದಲ್ಲಿ 1971ರಿಂದ ಕಾನೂನು ಇದೆ, 2021ರಲ್ಲಿ ತಿದ್ದುಪಡಿಯೂ ಆಗಿದೆ. ಅದರ ಮಿತಿ ನಿಂತಿರುವುದೂ ವಾರದ ಲೆಕ್ಕದ ಮೇಲೆಯೇ. ಡಾಕ್ಟರನ್ನು ಕೇಳಿ ಮಾಡಬೇಕಾದ ಕೆಲಸ ಅದು.

ಎರಡನೆಯದು ದಿನದ ಲೆಕ್ಕ. ಕಡೆಯ ಮುಟ್ಟು ಶುರುವಾದ ಮೊದಲ ದಿನದಿಂದ ಡಾಕ್ಟರು ಎಣಿಸುತ್ತಾರೆ. ಮುಟ್ಟು ನಿಂತ ದಿನದಿಂದಲ್ಲ, ತಲೆಗೆ ಸ್ನಾನ ಮಾಡಿದ ದಿನದಿಂದಲೂ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ತಾಯಿ ಕಾರ್ಡಿನಲ್ಲಿ ಎಲ್.ಎಂ.ಪಿ. ಎಂದು ಬರೆಯುವುದು ಈ ತಾರೀಕನ್ನೇ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ದಿನ ಎಂದು ಹಾಕುತ್ತಾರೆ. ಅದಕ್ಕೆ ಇ.ಡಿ.ಡಿ. ಎನ್ನುತ್ತಾರೆ. ಸುಲಭವಾದ ಲೆಕ್ಕವೊಂದಿದೆ. ಜರ್ಮನಿಯ ನೇಗಲೆ ಎಂಬ ಹೆರಿಗೆ ವೈದ್ಯರ ಹೆಸರಿನಲ್ಲಿ ಅದನ್ನು ಇನ್ನೂರು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ತಾರೀಕಿಗೆ 7 ಸೇರಿಸಿ, ತಿಂಗಳಿಗೆ 9 ಸೇರಿಸಿ. ಕಡೆಯ ಮುಟ್ಟು ಜೂನ್ 10 ಆದರೆ ಹತ್ತಕ್ಕೆ ಏಳು ಸೇರಿ 17, ಜೂನಿನಿಂದ ಒಂಬತ್ತು ತಿಂಗಳು ಎಂದರೆ ಮಾರ್ಚ್. ಮಾರ್ಚ್ 17. ನಮ್ಮ ಹಿರಿಯರು ಒಂಬತ್ತು ತಿಂಗಳು ಒಂಬತ್ತು ದಿನ ಎನ್ನುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಎರಡೇ ದಿನದ ವ್ಯತ್ಯಾಸ. ಹಿರಿಯರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಯಾವ ದಿನದಿಂದ ಶುರು ಮಾಡಬೇಕು ಎಂಬಲ್ಲಿ ನಾವು ಎಡವುತ್ತೇವೆ. ಕೆಲವರು ಮುಟ್ಟು ತಪ್ಪಿದ ತಿಂಗಳಿನಿಂದ ಎಣಿಸುತ್ತಾರೆ. ಅಲ್ಲಿಗೆ ಒಂದು ತಿಂಗಳೇ ಹಿಂದೆ ಬಿತ್ತು.

ಹಸುವಿಗೂ 280, ಹೆಂಗಸಿಗೂ 280, ಸರಿಹೋಯಿತಲ್ಲ ಎನ್ನಬೇಡಿ. ಹಸುವಿಗೆ ಎಣಿಸುವುದು ಗರ್ಭ ಕಟ್ಟಿಸಿದ ದಿನದಿಂದ. ಹೆಂಗಸಿಗೆ ಎಣಿಸುವುದು ಕಡೆಯ ಮುಟ್ಟಿನಿಂದ. 28 ದಿನಕ್ಕೆ ಮುಟ್ಟಾಗುವವರಲ್ಲಿ ಬಸುರು ನಿಲ್ಲುವುದು ಸುಮಾರು 14ನೇ ದಿನದ ಹೊತ್ತಿಗೆ. ಹಾಗಾಗಿ ಮೊದಲ ಎರಡು ವಾರ ಬಸುರೇ ಇಲ್ಲದಿದ್ದರೂ ಲೆಕ್ಕದಲ್ಲಿ ಸೇರಿರುತ್ತದೆ. ನಿಜವಾಗಿ ಹೊಟ್ಟೆಯಲ್ಲಿ ಮಗು ಇರುವುದು ಸುಮಾರು 266 ದಿನ.

ಈ ಎರಡು ವಾರದ ಗುಟ್ಟು ತಿಳಿಯದೆ ಒಂದು ಸಂಸಾರ ಮುರಿದುಹೋಗುವುದರಲ್ಲಿತ್ತು. ಹೆಸರು, ಊರು ಬೇಡ. ಮದುವೆಯಾಗಿ 24 ದಿನಕ್ಕೆ ಹುಡುಗಿಗೆ ಪರೀಕ್ಷೆ ಮಾಡಿಸಿದರು, ಎರಡು ಗೆರೆ ಬಂತು. ಆಸ್ಪತ್ರೆಯ ಚೀಟಿಯಲ್ಲಿ 5 ವಾರ ಎಂದು ಬರೆದಿದ್ದರು. ಮದುವೆಯಾಗಿ ನಾಲ್ಕು ವಾರವೂ ಆಗಿಲ್ಲ, ಐದು ವಾರ ಎಲ್ಲಿಂದ ಬಂತು ಎಂದು ಗಂಡನ ಮನೆಯಲ್ಲಿ ಗುಸುಗುಸು ಶುರುವಾಯಿತು. ಹುಡುಗಿ ಅನ್ನ ಬಿಟ್ಟು ಅಳುತ್ತಾ ಕೂತಳು. ಮಾತು ಪಂಚಾಯ್ತಿಗೆ ಹೋಗುವ ಮೊದಲು ಆಶಾ ಕಾರ್ಯಕರ್ತೆಯೊಬ್ಬರು ಬಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಬಿಡಿಸಿ ಹೇಳಿದರು. ಮದುವೆಗೆ 12 ದಿನ ಮುಂಚೆ ಅವಳು ಮುಟ್ಟಾಗಿದ್ದಳು. 12ಕ್ಕೆ 24 ಸೇರಿದರೆ 36 ದಿನ. ಅದೇ ಐದು ವಾರ. ಅತ್ತೆಯೂ ಒಪ್ಪಿದರು, ಗಂಡನೂ ತಲೆ ತಗ್ಗಿಸಿದ. ನೋಡಿ, ಲೆಕ್ಕ ಗೊತ್ತಿಲ್ಲದೆ ಒಬ್ಬ ಹೆಣ್ಣುಮಗಳ ಮಾನದ ಮೇಲೆ ಕಲ್ಲು ಹಾಕಲು ಹೊರಟಿದ್ದರು. ಡಾಕ್ಟರು ಹೇಳುವ ವಾರದಲ್ಲಿ ಎರಡು ವಾರ ಮೊದಲೇ ಸೇರಿರುತ್ತದೆ ಎಂಬ ಒಂದು ಮಾತನ್ನು ಇಲ್ಲಿಂದ ಎಲ್ಲರೂ ಮನೆಗೆ ಕೊಂಡೊಯ್ಯಿರಿ.

ಎಲ್ಲರಿಗೂ ಮುಟ್ಟು 28 ದಿನಕ್ಕೇ ಆಗುವುದಿಲ್ಲ. ಕೆಲವರಿಗೆ 35 ದಿನ, ಕೆಲವರಿಗೆ ಹೊತ್ತುಗೊತ್ತೇ ಇಲ್ಲ. ಮಗುವಿಗೆ ಹಾಲು ಕುಡಿಸುವಾಗ ಮುಟ್ಟಾಗದೆಯೇ ಮತ್ತೆ ಬಸುರಾಗುವವರೂ ಇದ್ದಾರೆ. ಅಂಥವರಿಗೆ, ತಾರೀಕು ಮರೆತವರಿಗೆ ಸ್ಕ್ಯಾನಿಂಗೇ ದಾರಿ. ಅದನ್ನು ಮೊದಲ ಮೂರು ತಿಂಗಳ ಒಳಗೇ ಮಾಡಿಸಬೇಕು. ಆಗ ಎಲ್ಲಾ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಅದಕ್ಕೇ ಅಳೆದು ಹೇಳಿದ ದಿನ ಐದರಿಂದ ಏಳು ದಿನದೊಳಗೆ ಸರಿ ಇರುತ್ತದೆ. ಆಮೇಲೆ ಒಂದು ಮಗು ದಪ್ಪ, ಒಂದು ಸಣ್ಣ. ರಾಗಿ ಪೈರು ಮೊಳಕೆಯಲ್ಲಿ ಎಲ್ಲಾ ಒಂದೇ ಸಮ ಇದ್ದು, ತೆನೆ ಕಟ್ಟುವಾಗ ಒಂದು ಎತ್ತರ ಒಂದು ಗಿಡ್ಡ ಆಗುವುದಿಲ್ಲವೇ, ಹಾಗೆ. ಎಂಟನೇ ತಿಂಗಳಲ್ಲಿ ಅಳೆದು ವಯಸ್ಸು ಹೇಳುವುದು ಕಷ್ಟ. ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. 1994ರಿಂದಲೇ ಕಾನೂನು ಇದೆ. ನಾವು ಕೇಳಬೇಕಾದದ್ದು ಎಷ್ಟು ವಾರ ಎಂದು ಮಾತ್ರ.

ಮೂರನೆಯದು, ಇಷ್ಟು ಬೇಗ ತಿಳಿದು ಏನಾಗಬೇಕು ಎಂಬ ಪ್ರಶ್ನೆ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನಾಳ ಮುಚ್ಚಿಕೊಳ್ಳುವುದು ಬಸುರು ನಿಂತ ನಾಲ್ಕು ವಾರದೊಳಗೆ. ಫೋಲಿಕ್ ಆಸಿಡ್ ಮಾತ್ರೆ ಬೇಕಾಗಿರುವುದು ಆಗ. ಮಗು ಬೇಕೆನ್ನುವವರು ಮುಂಚಿನಿಂದಲೇ ನುಂಗಿದರೆ ಇನ್ನೂ ಒಳ್ಳೆಯದು. ಐದನೇ ತಿಂಗಳಲ್ಲಿ ಹೋದ ನಮಗೆ ಆ ಸಮಯ ಕಳೆದೇ ಹೋಗಿತ್ತು. ಮುಂದೆ 37 ವಾರಕ್ಕೆ ಮೊದಲು ಹೆರಿಗೆಯಾದರೆ ದಿನ ತುಂಬದ ಮಗು. 34 ವಾರಕ್ಕೆ ಮುಂಚೆ ನೋವು ಬಂದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಕೊಡಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನಿಸುವುದು ವಾರ ನೋಡಿ. 41 ವಾರ ಕಳೆದರೆ ಹೆಚ್ಚು ನಿಗಾ ಬೇಕು, ನೋವು ಬರಿಸಬೇಕೇ ಎಂದು ಯೋಚಿಸುತ್ತಾರೆ. ಅದಕ್ಕೂ ವಾರ ಗೊತ್ತಿರಬೇಕು. ಆದರೆ ಬರೆದ ದಿನಕ್ಕೇ ಹೆರಿಗೆ ಆಗುತ್ತದೆ ಎಂದು ತಿಳಿಯಬೇಡಿ. ಸರಿಯಾಗಿ ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಜನ ಅಷ್ಟೇ. ಒಂದೆರಡು ವಾರ ಹಿಂದೆ ಮುಂದೆ ಸಹಜ. ಮತ್ತು ಮಗುವಿನ ಓಡಾಟ ಕಡಿಮೆಯಾಯಿತು ಎಂದು ತಾಯಿ ಹೇಳಿದರೆ ಯಾವ ಲೆಕ್ಕವನ್ನೂ ನೋಡದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೇಳುವಾಗ ನಮ್ಮ ಗಂಟಲು ಇವತ್ತಿಗೂ ಕಟ್ಟುತ್ತದೆ.

ಇನ್ನು ನಮ್ಮ ಮನೆಯ ಮುಂದಿನ ಕಥೆ. 2016ರ ಜೂನ್ 10ಕ್ಕೆ ಆ ಹೆಣ್ಣುಮಗಳು ಅಡಿಗೆಮನೆಯ ಬಾಗಿಲಿಗೆ ತೂಗುಹಾಕಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಸೀಸದಕಡ್ಡಿಯಿಂದ ಒಂದು ಚುಕ್ಕಿ ಇಟ್ಟಿದ್ದಳು. ಪ್ರತಿ ತಿಂಗಳೂ ಇಡುತ್ತಿದ್ದಳು. ಜುಲೈ 8ಕ್ಕೆ ಚುಕ್ಕಿ ಬೀಳಲಿಲ್ಲ. 11ಕ್ಕೆ ಆಶಾ ಕಾರ್ಯಕರ್ತೆ ಕೊಟ್ಟ ಕಿಟ್ಟಿನಲ್ಲಿ ನೋಡಿದರೆ ಎರಡು ಗೆರೆ, ಒಂದು ಮಸುಕು. ಆ ವಾರವೇ ನಮ್ಮ ತಮ್ಮ ಕರೆದುಕೊಂಡು ಹೋಗಿ ತಾಯಿ ಕಾರ್ಡು ಮಾಡಿಸಿದ. 12ನೇ ವಾರದ ಸ್ಕ್ಯಾನಿಂಗಿನಲ್ಲಿ ಮಾರ್ಚ್ 19 ಎಂದು ಬಂತು, ನಮ್ಮ ಲೆಕ್ಕಕ್ಕೂ ಅದಕ್ಕೂ ಎರಡೇ ದಿನ ಅಂತರ. ಡಾಕ್ಟರಮ್ಮ ಕಾರ್ಡಿನ ಮೇಲೆ ಮಾರ್ಚ್ 17 ಎಂದೇ ಉಳಿಸಿದರು. ಮಾರ್ಚ್ ಶುರುವಾದ ದಿನದಿಂದ ಬಾಡಿಗೆ ಕಾರಿನವರಿಗೆ ಹೇಳಿಟ್ಟಿದ್ದೆವು. 2017ರ ಮಾರ್ಚ್ 13ಕ್ಕೆ ಹೆಣ್ಣುಮಗು ಹುಟ್ಟಿತು. ಈಗ ಮೂರನೇ ತರಗತಿ. ದಿನಾ ಸಂಜೆ ಹಾಲಿನ ಕ್ಯಾನು ಹಿಡಿದು ನಮ್ಮ ಜೊತೆ ಡೈರಿಗೆ ಬರುತ್ತಾಳಲ್ಲ, ಅವಳೇ.

ಮೂರು ತಿಂಗಳ ತನಕ ಹೇಳಬಾರದು ಎಂಬ ಪದ್ಧತಿ ಬಿಡಿ ಎಂದು ನಾವು ಹೇಳುವುದಿಲ್ಲ. ಊರಿಗೆ ಹೇಳಬೇಡಿ, ನೆಂಟರಿಗೆ ಹೇಳಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಸಿಸ್ಟರಿಗೆ ಹೇಳಿ. ಅವರ ದೃಷ್ಟಿ ತಾಗುವುದಿಲ್ಲ. 12 ವಾರದೊಳಗೆ ಹೆಸರು ಬರೆಸಿ. ನಾಲ್ಕನೇ ತಿಂಗಳಿನಿಂದ, 2016ರಿಂದ ನಡೆಯುತ್ತಿರುವ ಯೋಜನೆಯಂತೆ, ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಅದನ್ನು ತಪ್ಪಿಸಬೇಡಿ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಈ ಲೆಕ್ಕ ಬರೆಯುವ ರಿಜಿಸ್ಟರ್ ಸಂಘದಲ್ಲಿ ಬೇಡ, ಬೇರೆಯವರ ಕಣ್ಣಿಗೂ ಬೀಳಬೇಕಾಗಿಲ್ಲ. ಅದು ಹೆಣ್ಣುಮಗಳ ಸ್ವಂತ ವಿಷಯ, ಅವಳ ಕೈಯಲ್ಲೇ ಇರಲಿ. ಅವಳಿಗೆ ಒಂದು ಕ್ಯಾಲೆಂಡರು, ಒಂದು ಸೀಸದಕಡ್ಡಿ, ಹೇಳಿದರೆ ಕೇಳಿಸಿಕೊಳ್ಳುವ ಒಂದು ಕಿವಿ ಇಷ್ಟನ್ನು ಒದಗಿಸುವುದು ನಮ್ಮ ಕೆಲಸ. ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಿಗೆಲ್ಲ ಗೋಡೆ ಕ್ಯಾಲೆಂಡರ್ ಕೊಡಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತು ಬಂದಿದೆ. ಒಂದು ಕೊಟ್ಟಿಗೆಗೆ, ಒಂದು ಅಡಿಗೆಮನೆಗೆ ಎಂದು ಮನೆಗೆ ಎರಡು ಕೊಡಿ ಎಂದು ಅಧ್ಯಕ್ಷರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ. ಕೊಟ್ಟಿಗೆಯದರಲ್ಲಿ ನಾವು ಬರೆಯುತ್ತೇವೆ, ಅಡಿಗೆಮನೆಯದರಲ್ಲಿ ತಾಯಂದಿರು ಬರೆಯಲಿ.